ಕುತ್ತಿಗೆ ಇಲ್ಲದ ಗುಂಡು

ರಸ್ತೆಯ ಉಬ್ಬು ದಾಟುವಾಗಲೆಲ್ಲ ಮುಂಚಕ್ರದ ಕಡೆಯಿಂದ ‘ಕಟಕ್’ ಎಂದು ಸದ್ದು ಬರುತ್ತಿದೆ ಅನ್ನಿ. ಗ್ಯಾರೇಜಿನವರು ಕಾರನ್ನು ಜಾಕ್ ಮೇಲೇರಿಸಿ, ಚಕ್ರವನ್ನು ಮೇಲೊಂದು ಕೆಳಗೊಂದು ಕೈಯಲ್ಲಿ ಹಿಡಿದು ಅಲ್ಲಾಡಿಸಿ, ಎಷ್ಟೋ ಸಲ ಕೊಡುವ ತೀರ್ಪು ಒಂದೇ: ‘ಬಾಲ್ ಜಾಯಿಂಟ್ ಹೋಗಿದೆ ಸಾರ್, ಪ್ಲೇ ಬಂದಿದೆ.’ ಬಿಚ್ಚಿ ಕೈಗೆ ಕೊಟ್ಟರೆ ಅದು ಅಂಗೈ ಮೇಲೆ ಕೂರುವಷ್ಟು ವಸ್ತು. ಉಕ್ಕಿನದೊಂದು ಗುಂಡು, ಗುಂಡಿನಿಂದ ಹೊರಟ ಕುತ್ತಿಗೆ, ಅದರ ತುದಿಗೆ ನಟ್ ಕೂರುವ ತಿರುಪು. ಗುಂಡನ್ನು ಅರ್ಧಕ್ಕಿಂತ ಹೆಚ್ಚು ನುಂಗಿಕೊಂಡ ಬಟ್ಟಲು, ನಡುವೆ ಪ್ಲಾಸ್ಟಿಕ್ಕಿನ ತೆಳು ಆಸನ, ಒಂದಿಷ್ಟು ಗ್ರೀಸು, ಧೂಳು ನುಗ್ಗದಂತೆ ರಬ್ಬರಿನ ಮುಸುಕು.

ಇದೇ ಕೀಲನ್ನು ಕ್ಯಾಡ್ ತಂತ್ರಾಂಶದಲ್ಲಿ ಕೂಡಿಸಲು ಹೊರಟರೆ ಇದಾವುದೂ ಬೇಕಾಗುವುದಿಲ್ಲ. ಗುಂಡೂ ಬೇಡ, ಬಟ್ಟಲೂ ಬೇಡ. ಎರಡು ಪಾರ್ಟುಗಳ ಮೇಲೆ ಒಂದೊಂದು ಬಿಂದು ಗುರುತಿಸಿ, ಇವೆರಡೂ ಸದಾ ಒಂದೇ ಜಾಗದಲ್ಲಿರಲಿ ಎಂದರೆ ಮುಗಿಯಿತು. ಒಂದು ಚೌಕ ಡಬ್ಬಿಯ ಮೂಲೆಗೆ ಇನ್ನೊಂದರ ಮೂಲೆಯನ್ನು ಹೀಗೆ ಕೂಡಿಸಿದರೂ ಕಂಪ್ಯೂಟರಿಗೆ ಅದು ಬಾಲ್ ಜಾಯಿಂಟೇ. ಮೌಸಿನಿಂದ ಎಳೆಯಿರಿ: ತಿರುಗುತ್ತದೆ, ವಾಲುತ್ತದೆ, ಬಟ್ಟಲಿನ ಗೋಡೆಯೊಳಗೇ ತೂರಿಕೊಂಡು ಆಚೆ ಬದಿಗೂ ಹೊರಬರುತ್ತದೆ. ತಡೆಯುವವರು ಯಾರೂ ಇಲ್ಲ. ಕ್ಯಾಡ್ ಹೊಸದಾಗಿ ಕಲಿಯುವವರು ಪರದೆಯ ಮೇಲೆ ಕೀಲು ಅಲ್ಲಾಡಿದ ಕೂಡಲೇ ಕೆಲಸ ಆಯಿತೆಂದು ಫೈಲ್ ಸೇವ್ ಮಾಡುತ್ತಾರೆ. ಅಲ್ಲಾಡಿಸುವುದು ಇದರಲ್ಲಿ ಅತಿ ಸುಲಭದ ಭಾಗ. ಯಾವ ಅಲ್ಲಾಟ ಲೆಕ್ಕಕ್ಕುಂಟು, ಯಾವುದು ಇಲ್ಲ, ಲೆಕ್ಕಕ್ಕಿರುವುದು ಎಲ್ಲಿ ನಿಲ್ಲಬೇಕು ಎಂಬ ತೀರ್ಮಾನದಲ್ಲಿ ಎಂಜಿನಿಯರಿಂಗ್ ಇದೆ. ತಂತ್ರಾಂಶ ಅದನ್ನು ತಾನಾಗಿ ಮಾಡಿಕೊಡುವುದಿಲ್ಲ.

ಯಾವ ಹಿಡಿತವೂ ಇಲ್ಲದ ಗಟ್ಟಿ ವಸ್ತು ಆರು ಬಗೆಯಲ್ಲಿ ಚಲಿಸಬಲ್ಲದು. ಎಡಬಲ, ಹಿಂದೆಮುಂದೆ, ಮೇಲೆಕೆಳಗೆ ಸರಿಯುವುದು ಮೂರು; ಅದೇ ಮೂರು ಅಕ್ಷಗಳ ಸುತ್ತ ತಿರುಗುವುದು ಇನ್ನು ಮೂರು. ವಿನ್ಯಾಸಕಾರರು ಇವನ್ನು ಡಿಗ್ರೀಸ್ ಆಫ್ ಫ್ರೀಡಂ ಎನ್ನುತ್ತಾರೆ, ಅವಸರದಲ್ಲಿ ಡಿಓಎಫ್. ಬಾಗಿಲಿನ ಕೀಲು ಐದನ್ನು ಕಿತ್ತುಕೊಂಡು ಒಂದನ್ನು ಉಳಿಸುತ್ತದೆ. ಮೇಜಿನ ಡ್ರಾಯರೂ ಅಷ್ಟೇ, ಅಲ್ಲಿ ಉಳಿಯುವುದು ತಿರುಗುವುದಲ್ಲ, ಸರಿಯುವುದು. ಬಾಲ್ ಜಾಯಿಂಟ್ ಸರಿಯುವ ಮೂರನ್ನೂ ಕಿತ್ತುಕೊಂಡು ತಿರುಗುವ ಮೂರನ್ನೂ ಬಿಟ್ಟುಕೊಡುತ್ತದೆ. ಮನುಷ್ಯನ ಭುಜ, ಸೊಂಟ ಇದೇ ಜಾತಿಯವು.

ತಂತ್ರಾಂಶಗಳಲ್ಲಿ ಇದನ್ನು ಹೇಳುವ ಮಾತು ಬೇರೆ ಬೇರೆ. ಫ್ಯೂಷನ್, ಆನ್‌ಶೇಪ್, ಕ್ರಿಯೋಗಳಲ್ಲಿ ‘ಬಾಲ್’ ಎಂಬ ಹೆಸರಿನ ಜೋಡಣೆಯೇ ಇದೆ. ಸಾಲಿಡ್‌ವರ್ಕ್ಸ್‌ನಲ್ಲಿ ಗುಂಡಿನ ಮೈಯನ್ನೂ ಬಟ್ಟಲಿನ ಒಳಮೈಯನ್ನೂ ಆರಿಸಿ ‘ಕಾನ್ಸೆಂಟ್ರಿಕ್’ ಮೇಟ್ (ಜೋಡಣೆಯ ಕಟ್ಟಿಗೆ ಅಲ್ಲಿನ ಹೆಸರು) ಕೊಡುತ್ತಾರೆ, ಇಲ್ಲವೇ ಎರಡು ಬಿಂದುಗಳನ್ನು ‘ಕೋಇನ್ಸಿಡೆಂಟ್’ ಮಾಡುತ್ತಾರೆ. ದುಡ್ಡು ಕೊಡದೆ ಕಲಿಯುವವರಿಗೂ ಈಗ ದಾರಿಯಿದೆ: ಉಚಿತ ತಂತ್ರಾಂಶ ಫ್ರೀಕ್ಯಾಡ್ 2024ರ ನವೆಂಬರಿನಲ್ಲಿ ಹೊರತಂದ 1.0 ಆವೃತ್ತಿಯಲ್ಲಿ ಪಾರ್ಟುಗಳನ್ನು ಕೂಡಿಸುವ ಅಸೆಂಬ್ಲಿಯ ವಿಭಾಗವೇ ಅಂತರ್ಗತವಾಗಿದೆ, ಬಾಲ್ ಜಾಯಿಂಟ್ ಅದರಲ್ಲೊಂದು.

ಮೈಗೆ ಮೈ ಕೂಡಿಸುವುದಕ್ಕಿಂತ ಬಿಂದುವಿಗೆ ಬಿಂದು ಕೂಡಿಸುವುದು ಒಳ್ಳೆಯ ಅಭ್ಯಾಸ. ಕಾರಣ ಸರಳ. ಇಂದು ಗೋಳವಾಗಿರುವ ಮೈಗೆ ನಾಳೆ ನೀವೇ ಗ್ರೀಸಿಗೊಂದು ಕಾಲುವೆ ಕೊರೆಯುತ್ತೀರಿ, ತಲೆಯನ್ನು ಚಪ್ಪಟೆ ಮಾಡುತ್ತೀರಿ; ಆಗ ತಂತ್ರಾಂಶ ಹಳೆಯ ಮೈಯನ್ನು ಗುರುತಿಸಲಾರದೆ ಮೇಟ್ ಮುರಿದು ಕೆಂಪು ಗುರುತು ತೋರಿಸುತ್ತದೆ. ಗುಂಡಿನ ಕೇಂದ್ರದಲ್ಲಿ ಮೊದಲೇ ಒಂದು ಬಿಂದು ಇಟ್ಟು, ಅದರ ಸುತ್ತ ಗುಂಡನ್ನು ಕಟ್ಟಿದರೆ ಗುಂಡು ಏನಾದರೂ ಆಗಲಿ, ಕೇಂದ್ರ ಕದಲುವುದಿಲ್ಲ. ಕಾರಿನ ಸಸ್ಪೆನ್ಷನ್ ವಿನ್ಯಾಸ ಮಾಡುವವರು ಇಂಥ ಬಿಂದುಗಳನ್ನು ಹಾರ್ಡ್ ಪಾಯಿಂಟ್ ಎನ್ನುತ್ತಾರೆ. ಲೋಹದ ಒಂದು ಪಾರ್ಟೂ ಹುಟ್ಟುವ ಮುನ್ನ ಅವರ ಮುಂದಿರುವುದು ಈ ಬಿಂದುಗಳ ಪಟ್ಟಿ.

ಇನ್ನೊಂದು ಗೋಳನ್ನೂ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಇದರಿಂದ ಅರ್ಧ ದಿನ ಕಳೆದುಕೊಂಡವರು ಬಹಳ. ಚಿಕ್ಕ ಅಸೆಂಬ್ಲಿಯೊಂದರಲ್ಲಿ ಕೀಲು ಸೊಗಸಾಗಿ ಆಡುತ್ತದೆ. ಅದನ್ನೇ ದೊಡ್ಡ ಅಸೆಂಬ್ಲಿಯೊಳಗೆ ತಂದಿಟ್ಟರೆ ಕಲ್ಲಿನಂತೆ ಕೂತುಬಿಡುತ್ತದೆ. ಮೇಟ್‌ಗಳನ್ನೆಲ್ಲ ಅಳಿಸಿ ಮತ್ತೆ ಬರೆದರೂ ಅದೇ ಕಥೆ. ತಪ್ಪು ಮೇಟಿನಲ್ಲಿಲ್ಲ. ಸಾಲಿಡ್‌ವರ್ಕ್ಸ್‌ನಲ್ಲಿ ಒಳಗೆ ತಂದ ಉಪ ಅಸೆಂಬ್ಲಿಯನ್ನು ಒಂದೇ ಗಟ್ಟಿ ತುಂಡೆಂದು ಪರಿಗಣಿಸುವುದು ಮೂಲ ನಿಯಮ. ಅದರ ಗುಣಗಳ ಪಟ್ಟಿಗೆ ಹೋಗಿ ‘ರಿಜಿಡ್’ ಎಂದಿರುವುದನ್ನು ‘ಫ್ಲೆಕ್ಸಿಬಲ್’ ಎಂದು ಬದಲಿಸಿದರೆ ಕೀಲಿಗೆ ಜೀವ ಬರುತ್ತದೆ. ಸಾವಿರಾರು ಪಾರ್ಟುಗಳಿರುವ ಯಂತ್ರದಲ್ಲಿ ಪ್ರತಿ ಕೀಲನ್ನೂ ಲೆಕ್ಕ ಹಾಕುತ್ತ ಕೂತರೆ ಕಂಪ್ಯೂಟರ್ ಏದುಸಿರು ಬಿಡುತ್ತದೆ, ಅದಕ್ಕಾಗಿ ಈ ವ್ಯವಸ್ಥೆ.

ಈಗ ನಿಜವಾದ ಒಂದು ಅಸೆಂಬ್ಲಿಯನ್ನು ಎದುರಿಗಿಟ್ಟುಕೊಳ್ಳೋಣ. ಮಾರುತಿ 800ರಂಥ ಚಿಕ್ಕ ಕಾರಿನ ಮುಂಚಕ್ರದ ಒಂದು ಬದಿ ಸಾಕು. ಅದರಲ್ಲಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್ ಎಂಬ ಏರ್ಪಾಡು. ಕೆಳಗೆ ಒಂದು ತೋಳು. ಅದರ ಒಂದು ತುದಿ ಕಾರಿನ ಮೈಗೆ ಬಾಗಿಲಿನ ಕೀಲಿನಂತೆ ಕೂತಿದೆ, ಇನ್ನೊಂದು ತುದಿಯಲ್ಲಿ ಬಾಲ್ ಜಾಯಿಂಟ್. ಆ ಗುಂಡಿನ ಮೇಲೆ ಚಕ್ರವನ್ನು ಹೊತ್ತ ನಕಲ್. ನಕಲ್‌ಗೆ ಬಿಗಿದಿರುವ ಶಾಕ್ ಅಬ್ಸಾರ್ಬರಿನ ಕೊಳವೆ, ಅದರೊಳಗೆ ಮೇಲೆಕೆಳಗೆ ಆಡುವ ಸಲಾಕೆ. ಸಲಾಕೆಯ ತಲೆ ಬಾನೆಟ್ಟಿನ ಕೆಳಗೆ ಕಾರಿನ ಮೈಗೆ ಸೇರುವಲ್ಲಿ ಎಲ್ಲ ಕಡೆಗೂ ವಾಲಬಲ್ಲ ಆಸರೆ, ಲೆಕ್ಕದ ಮಟ್ಟಿಗೆ ಅದೂ ಬಾಲ್ ಜಾಯಿಂಟ್. ಕೊನೆಯದಾಗಿ ಸ್ಟೀರಿಂಗಿನ ರ‍್ಯಾಕ್‌ನಿಂದ ನಕಲ್‌ಗೆ ಬರುವ ಟೈ ರಾಡ್, ಅದರ ಎರಡೂ ತುದಿಗೆ ಒಂದೊಂದು ಗುಂಡು. ಸ್ಟೀರಿಂಗ್ ತಿರುಗಿಸದೆ ಹಿಡಿದಿದ್ದೇವೆ. ಚಕ್ರ ತನ್ನ ಅಚ್ಚಿನ ಮೇಲೆ ಉರುಳುವುದನ್ನೂ ಸದ್ಯಕ್ಕೆ ಬಿಟ್ಟಿದ್ದೇವೆ.

ಚಲಿಸಬಲ್ಲ ತುಂಡುಗಳು ನಾಲ್ಕು: ತೋಳು, ನಕಲ್, ಸಲಾಕೆ, ಟೈ ರಾಡ್. ತಲಾ ಆರರಂತೆ 24 ಸ್ವಾತಂತ್ರ್ಯಗಳು. ಕೀಲುಗಳು ಕಿತ್ತುಕೊಳ್ಳುವುದು ಎಷ್ಟು? ತೋಳಿನ ಬುಡದ ಕೀಲು 5, ತೋಳಿನ ತುದಿಯ ಗುಂಡು 3, ಕೊಳವೆಯೊಳಗಿನ ಸಲಾಕೆ ಜಾರಲೂಬಹುದು ತಿರುಗಲೂಬಹುದು ಎಂಬುದರಿಂದ 4, ಮೇಲಿನ ಆಸರೆ 3, ಟೈ ರಾಡಿನ ಎರಡು ಗುಂಡುಗಳಿಂದ 3 ಮತ್ತು 3. ಒಟ್ಟು 21. ಉಳಿದದ್ದು 3.

ಮೂರು ಯಾಕೆ? ಸ್ಟೀರಿಂಗ್ ಹಿಡಿದಿರುವಾಗ ಚಕ್ರಕ್ಕೆ ಇರಬೇಕಾದದ್ದು ಒಂದೇ ಚಲನೆ, ಹಳ್ಳದಿಣ್ಣೆಗೆ ತಕ್ಕಂತೆ ಏರಿಳಿಯುವುದು. ಮಿಕ್ಕ ಎರಡು ಎಲ್ಲಿವೆ ಎಂದು ಹುಡುಕಿದರೆ ಸಿಗುವುದು ಇಲ್ಲಿ: ಟೈ ರಾಡ್ ತನ್ನ ಎರಡು ಗುಂಡುಗಳ ನಡುವೆ, ಹಿಡಿಗಳ ಮಧ್ಯೆ ಲಟ್ಟಣಿಗೆ ಉರುಳಿದ ಹಾಗೆ, ತನ್ನ ಪಾಡಿಗೆ ತಾನು ಸುತ್ತಬಲ್ಲದು. ಶಾಕ್ ಅಬ್ಸಾರ್ಬರಿನ ಸಲಾಕೆಯೂ ಕೊಳವೆಯೊಳಗೆ ಹಾಗೆಯೇ ತಿರುಗಬಲ್ಲದು. ಇವೆರಡರಿಂದ ಚಕ್ರಕ್ಕೆ ಏನೂ ಆಗುವುದಿಲ್ಲ. ಹೊರಗಿನ ಕೆಲಸಕ್ಕೆ ಬಾರದ ಇಂಥ ಚಲನೆಗಳನ್ನು ಯಂತ್ರಶಾಸ್ತ್ರದವರು ಐಡಲ್ ಎನ್ನುತ್ತಾರೆ.

ಪರದೆಯ ಮೇಲೆ ಈ ಸೋಮಾರಿ ಚಲನೆ ಕೊಡುವ ಕಿರಿಕಿರಿ ಅಷ್ಟಿಷ್ಟಲ್ಲ. ಚಕ್ರವನ್ನು ಮೇಲೆತ್ತಲು ಟೈ ರಾಡಿನ ಮೇಲೆ ಮೌಸ್ ಇಟ್ಟು ಎಳೆದರೆ ಚಕ್ರ ಏಳುವುದಿಲ್ಲ, ರಾಡ್ ಗಿರಗಿರ ತಿರುಗುತ್ತದೆ. ರಾಡ್ ಬಗ್ಗಿದ ಆಕಾರದ್ದಾದರೆ ಒಮ್ಮೆ ಟೈರಿನೊಳಗೆ ನುಗ್ಗಿ, ಇನ್ನೊಮ್ಮೆ ಎಂಜಿನ್ನಿನೊಳಗೆ ಹೊಕ್ಕು ಅಣಕಿಸುತ್ತದೆ. ಆಗ ಕೈ ತಾನಾಗಿ ಹೋಗುವುದು ‘ಪ್ಯಾರಲಲ್’ ಎಂಬ ಮೇಟಿನತ್ತ: ರಾಡಿನ ಒಂದು ಪ್ಲೇನನ್ನು ಕಾರಿನ ಪ್ಲೇನಿಗೆ ಸಮಾಂತರವಾಗಿ ಕಟ್ಟಿಹಾಕಿದರೆ ಸುತ್ತುವುದು ನಿಲ್ಲುತ್ತದೆ. ನಿಲ್ಲುತ್ತದೆ ನಿಜ, ಆದರೆ ಇಡೀ ಸಸ್ಪೆನ್ಷನ್ನೇ ಅದರೊಂದಿಗೆ ನಿಲ್ಲುವ ಸಂಭವವೂ ಇದೆ. ಚಕ್ರ ಏರುವಾಗ ರಾಡ್ ಓರೆಯಾಗಲೇಬೇಕು. ಸಮಾಂತರ ಎಂಬ ಕಟ್ಟು ಸುತ್ತುವುದನ್ನಷ್ಟೇ ತಡೆಯುವುದಿಲ್ಲ, ಓರೆಯಾಗುವುದನ್ನೂ ತಡೆಯುತ್ತದೆ. ಒಂದನ್ನು ಕಿತ್ತುಕೊಳ್ಳಲು ಹೋಗಿ ಎರಡನ್ನು ಕಿತ್ತುಕೊಂಡಂತಾಯಿತು. ತಂತ್ರಾಂಶ ‘ಓವರ್ ಡಿಫೈನ್ಡ್’ ಎಂದು ಬೊಬ್ಬೆ ಹಾಕಿದರೆ ಪುಣ್ಯ, ಎಲ್ಲಿ ತಪ್ಪಿದೆಯೆಂದು ತಿಳಿಯುತ್ತದೆ. ಕೆಲವೊಮ್ಮೆ ಅದು ಸುಮ್ಮನಿರುತ್ತದೆ, ಚಕ್ರ ಮಾತ್ರ ಏಳುವುದಿಲ್ಲ.

ಸರಿಯಾದ ಮದ್ದು ಬೇರೆಯೇ ಇದೆ. ರಾಡಿನ ಒಂದು ತುದಿಯ ಗುಂಡನ್ನು ಮಾದರಿಯಲ್ಲಿ ಯೂನಿವರ್ಸಲ್ ಜಾಯಿಂಟ್ ಎಂದು ಬದಲಿಸುವುದು. ಯೂನಿವರ್ಸಲ್ ಜಾಯಿಂಟ್ ಎರಡು ಕಡೆಗೆ ವಾಲುತ್ತದೆ, ರಾಡನ್ನು ತನ್ನದೇ ಉದ್ದದ ಸುತ್ತ ತಿರುಗಲು ಬಿಡುವುದಿಲ್ಲ. ಅದು ಕಿತ್ತುಕೊಳ್ಳುವುದು 3ರ ಬದಲು 4. ಕಳೆದುಹೋಗುವುದು ನಮಗೆ ಬೇಡವಾದ ಆ ಒಂದೇ ಸ್ವಾತಂತ್ರ್ಯ, ಬೇರೇನೂ ಅಲ್ಲ. ನಿಜವಾದ ಕಾರಿನಲ್ಲಿ ಎರಡೂ ಗುಂಡುಗಳೇ ಇರಲಿ, ಅಡ್ಡಿಯಿಲ್ಲ. ಲೆಕ್ಕದ ಮಾದರಿ ಕಾರಿನ ಫೋಟೊ ಆಗಬೇಕಿಲ್ಲ.

ಇದೇ ತರ್ಕದ ದೊಡ್ಡ ರೂಪ ಬೇಕೆಂದರೆ ವಿಮಾನ ಚಾಲಕರ ತರಬೇತಿಗೆ ಬಳಸುವ ಸಿಮ್ಯುಲೇಟರಿನ ಕೆಳಗೆ ಬಗ್ಗಿ ನೋಡಬೇಕು. ಆರು ಹೈಡ್ರಾಲಿಕ್ ಅಥವಾ ವಿದ್ಯುತ್ ಕಾಲುಗಳ ಮೇಲೆ ಇಡೀ ಕಾಕ್‌ಪಿಟ್ ನಿಂತಿರುತ್ತದೆ. ಇಂಗ್ಲೆಂಡಿನ ಡನ್‌ಲಪ್ ಕಂಪನಿಯಲ್ಲಿ ಟೈರುಗಳನ್ನು ಪರೀಕ್ಷಿಸಲು ಎರಿಕ್ ಗಫ್ 1950ರ ದಶಕದಲ್ಲಿ ಇಂಥ ಆರು ಕಾಲಿನ ಯಂತ್ರ ಕಟ್ಟಿದರು; 1965ರಲ್ಲಿ ಡಿ. ಸ್ಟೀವರ್ಟ್ ಅವರ ಪ್ರಬಂಧ ಬಂದ ಮೇಲೆ ಹೆಸರು ಉಳಿದದ್ದು ಸ್ಟೀವರ್ಟ್ ಪ್ಲಾಟ್‌ಫಾರ್ಮ್ ಎಂದು. ಕಂಡುಹಿಡಿದವರೊಬ್ಬರು, ಹೆಸರು ಪಡೆದವರೊಬ್ಬರು. ಎಂಜಿನಿಯರಿಂಗಿನಲ್ಲಿ ಇದೇನೂ ಹೊಸತಲ್ಲ. ಕಾಲಿನೊಳಗಿನ ಸಲಾಕೆ ಇಲ್ಲಿ ಜಾರುತ್ತದಷ್ಟೇ, ತಿರುಗದು ಎಂದಿಟ್ಟುಕೊಂಡು, ಪ್ರತಿ ಕಾಲಿನ ಎರಡೂ ತುದಿಗೆ ಗುಂಡು ಕೊಟ್ಟು ಲೆಕ್ಕ ಹಾಕಿದರೆ 12 ಸ್ವಾತಂತ್ರ್ಯಗಳು ಬರುತ್ತವೆ. ವೇದಿಕೆಗೆ ಬೇಕಿರುವುದು 6. ಮಿಕ್ಕ 6 ಎಲ್ಲಿಯವು ಎಂದು ಈಗ ಹೇಳಬೇಕಾಗಿಲ್ಲ. ಪ್ರತಿ ಕಾಲಿನ ಒಂದು ತುದಿಗೆ ಯೂನಿವರ್ಸಲ್ ಜಾಯಿಂಟ್ ಹಾಕಿದರೆ ಸರಿಯಾಗಿ 6ಕ್ಕೆ ಬಂದು ನಿಲ್ಲುತ್ತದೆ.

ಬೇಡದ ಚಲನೆಯ ಲೆಕ್ಕ ಇಷ್ಟು. ಬೇಕಾದ ಚಲನೆ ಎಲ್ಲಿ ನಿಲ್ಲಬೇಕು ಎಂಬುದು ಇನ್ನೂ ಕಷ್ಟದ್ದು, ಮತ್ತು ಕುತ್ತಿಗೆಯ ಮಾತು ಬರುವುದು ಇಲ್ಲೇ.

ಗುಂಡು ಬಟ್ಟಲೊಳಗೆ ಎಷ್ಟು ಬೇಕಾದರೂ ತಿರುಗಬಹುದು. ನಿಲ್ಲಿಸುವುದು ಕುತ್ತಿಗೆ, ಅದು ಬಟ್ಟಲಿನ ತುಟಿಗೆ ಬಡಿಯುತ್ತದೆ. 20 ಮಿ.ಮೀ. ವ್ಯಾಸದ ಗುಂಡು, 10 ಮಿ.ಮೀ. ವ್ಯಾಸದ ಕುತ್ತಿಗೆ ಎಂದಿಟ್ಟುಕೊಳ್ಳಿ. ಬಟ್ಟಲು ಗುಂಡನ್ನು ಸರಿಯಾಗಿ ಅರ್ಧದವರೆಗೆ ಮಾತ್ರ ಮುಚ್ಚಿದ್ದರೆ ಕುತ್ತಿಗೆ ನೆಟ್ಟಗಿನ ಸ್ಥಿತಿಯಿಂದ 60 ಡಿಗ್ರಿಯವರೆಗೆ ವಾಲಬಹುದು. ಅರ್ಧ ಬಟ್ಟಲು ಗುಂಡನ್ನು ಹಿಡಿದುಕೊಳ್ಳಲಾರದು, ಎಳೆದರೆ ಕೈಗೆ ಬರುತ್ತದೆ. ಹಿಡಿಯಬೇಕೆಂದರೆ ತುಟಿಯನ್ನು ಗುಂಡಿನ ನಡುಗೆರೆ ದಾಟಿಸಬೇಕು. ಕೇಂದ್ರದಿಂದ ಅಳೆದು 15 ಡಿಗ್ರಿ ದಾಟಿಸಿದಿರಿ ಅನ್ನಿ, ವಾಲುವುದು 45ಕ್ಕೆ ಇಳಿಯುತ್ತದೆ. ಭಾರ ಹೆಚ್ಚೆಂದು ಕುತ್ತಿಗೆಯನ್ನು 12 ಮಿ.ಮೀ.ಗೆ ದಪ್ಪ ಮಾಡಿದರೆ 38. ಹಿಡಿತ, ಬಲ, ವಾಲುವಿಕೆ, ಈ ಮೂರೂ ಒಂದೇ ಗಂಟಿನಿಂದ ಖರ್ಚಾಗುತ್ತವೆ. ಪರದೆಯ ಮೇಲಿನ ಬಾಲ್ ಮೇಟಿಗೆ ಇದಾವುದೂ ಗೊತ್ತಿಲ್ಲ, ಅದಕ್ಕೆ ಕುತ್ತಿಗೆಯೇ ಇಲ್ಲ.

ಈ ಗಂಟಿನ ಜಗಳ ಕಬ್ಬಿಣದಲ್ಲಷ್ಟೇ ಅಲ್ಲ, ಮನುಷ್ಯನ ಸೊಂಟದಲ್ಲೂ ನಡೆದಿದೆ. ಕೃತಕ ಸೊಂಟದ ಕೀಲನ್ನು ಇಂದಿನ ರೂಪಕ್ಕೆ ತಂದವರು ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯ ಜಾನ್ ಚಾರ್ನ್‌ಲಿ. ಅವರು ಮೊದಲು ಟೆಫ್ಲಾನಿನ ಬಟ್ಟಲು ಹಾಕಿದರು, ಅದು ಬೇಗ ಸವೆದುಹೋಯಿತು. 1962ರಲ್ಲಿ ಪಾಲಿಥಿಲೀನ್ ಬಟ್ಟಲಿಗೆ ಬದಲಿಸಿದರು. ಅವರ ಗುಂಡು ಚಿಕ್ಕದು, ವ್ಯಾಸ 22 ಮಿ.ಮೀ.ಗೆ ತುಸು ಹೆಚ್ಚು. ಗುಂಡು ಚಿಕ್ಕದಾದಷ್ಟೂ ಉಜ್ಜಾಟದ ತಿರುಚು ಕಡಿಮೆ ಎಂಬುದು ಅವರ ವಾದ, ಅದು ಸರಿಯೂ ಹೌದು. ಆದರೆ ಕುತ್ತಿಗೆ 12 ಮಿ.ಮೀ. ಇದೆಯೆಂದುಕೊಂಡು ಮೇಲಿನ ಲೆಕ್ಕ ಹಾಕಿ ನೋಡಿ: ಅರ್ಧ ಬಟ್ಟಲಿನಲ್ಲಿ 22 ಮಿ.ಮೀ. ಗುಂಡು ವಾಲುವುದು ಸುಮಾರು 57 ಡಿಗ್ರಿ, 32 ಮಿ.ಮೀ. ಗುಂಡು ಸುಮಾರು 68. ಕುತ್ತಿಗೆ ತುಟಿಗೆ ತಾಗಿದ ಮೇಲೂ ಕಾಲು ಮಡಚಿದರೆ ತುಟಿಯೇ ಮೀಟುಗೋಲಿನ ಆಧಾರವಾಗಿ ಗುಂಡು ಬಟ್ಟಲಿನಿಂದ ಎದ್ದು ಬರುತ್ತದೆ. ಮುಂದೆ ಪ್ಲಾಸ್ಟಿಕ್ಕಿನ ಗುಣಮಟ್ಟ ಸುಧಾರಿಸಿ ಸವೆತದ ಭಯ ಕಡಿಮೆಯಾದ ಹಾಗೆ 28, 32, 36 ಮಿ.ಮೀ. ಗುಂಡುಗಳು ಬಳಕೆಗೆ ಬಂದದ್ದರ ಹಿಂದೆ ಈ ರೇಖಾಗಣಿತವೂ ಇದೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಉಣ್ಣುವ ನಮ್ಮಂಥವರಿಗೆ ಈ ಹನ್ನೊಂದು ಡಿಗ್ರಿ ಸಣ್ಣ ವಿಷಯವಲ್ಲ.

ಮಾದರಿಗೆ ಈ ಮಿತಿಯನ್ನು ಕಲಿಸುವುದು ಹೇಗೆ? ಎರಡು ದಾರಿ. ಒಂದು, ಕೊಲಿಷನ್ ಡಿಟೆಕ್ಷನ್ ಹಾಕಿ, ಕುತ್ತಿಗೆ ತುಟಿಗೆ ತಾಗಿದೊಡನೆ ನಿಲ್ಲು ಎನ್ನುವುದು. ತೋರಿಸಲು ಚೆನ್ನ, ಲೆಕ್ಕಕ್ಕೆ ಬಲು ನಿಧಾನ. ಎರಡು, ಕೋನಕ್ಕೇ ಮಿತಿ ಹಾಕುವುದು. ಇಲ್ಲಿ ಅನುಭವಸ್ಥರೂ ಗಮನಿಸದೆ ಬಿಡುವ ಒಂದು ಸಂಗತಿಯಿದೆ. ಬಾಲ್ ಜಾಯಿಂಟಿಗೆ ಎರಡು ಅಡ್ಡ ಅಕ್ಷಗಳಲ್ಲಿ ಬೇರೆ ಬೇರೆಯಾಗಿ ಮಿತಿ ಕೊಡುವ ಸೌಲಭ್ಯವಿದೆ ಎಂದುಕೊಳ್ಳಿ; ಎರಡಕ್ಕೂ ‘30 ಡಿಗ್ರಿ’ ಎಂದು ತುಂಬಿದಿರಿ. ಮುಂದಕ್ಕೆ 30, ಪಕ್ಕಕ್ಕೆ 30, ಸರಿಯಾಗಿಯೇ ನಿಲ್ಲುತ್ತದೆ. ಮುಂದಕ್ಕೂ ಪಕ್ಕಕ್ಕೂ ಒಟ್ಟಿಗೆ ಎಳೆದರೆ? 30ರ ಕೊಸೈನನ್ನು ಅದರಿಂದಲೇ ಗುಣಿಸಿದರೆ 0.75; ಆ ಕೊಸೈನಿನ ಕೋನ 41 ಡಿಗ್ರಿಗಿಂತ ಹೆಚ್ಚು. ಅಂದರೆ ಮೂಲೆಯ ದಿಕ್ಕಿನಲ್ಲಿ ಕುತ್ತಿಗೆ 11 ಡಿಗ್ರಿ ಹೆಚ್ಚುವರಿ ವಾಲಿ ತುಟಿಯೊಳಗೆ ಹೊಕ್ಕಿರುತ್ತದೆ. ದುಂಡು ಬಾಯಿಯ ಬಟ್ಟಲಿನಲ್ಲಿ ಕುತ್ತಿಗೆ ತಿರುಗಾಡುವ ಜಾಗ ಶಂಕುವಿನಾಕಾರದ್ದು; ನೀವು ಅದಕ್ಕೆ ಕೊಟ್ಟದ್ದು ನಾಲ್ಕು ಮೂಲೆಯ ಪಿರಮಿಡ್ಡು. ಮಿತಿ ಹಾಕಬೇಕಾದದ್ದು ಎರಡು ಅಕ್ಷಗಳಿಗಲ್ಲ, ಕುತ್ತಿಗೆಯ ನಡುಗೆರೆಗೂ ಬಟ್ಟಲಿನ ನಡುಗೆರೆಗೂ ನಡುವಿನ ಒಂದೇ ಕೋನಕ್ಕೆ. ಎರಡೂ ಪಾರ್ಟಿನಲ್ಲಿ ಒಂದೊಂದು ಅಕ್ಷರೇಖೆ ಎಳೆದಿಟ್ಟುಕೊಂಡರೆ ಒಂದು ‘ಲಿಮಿಟ್ ಆಂಗಲ್’ ಮೇಟ್ ಸಾಕಾಗುತ್ತದೆ.

ಇಷ್ಟೆಲ್ಲ ಕಟ್ಟುಪಾಡುಗಳನ್ನು ಕಂಪ್ಯೂಟರ್ ಪಾಲಿಸುವುದು ಹೇಗೆ ಎಂಬ ಕುತೂಹಲ ಸಹಜ. ಪರದೆಯ ಮೇಲೆ ಗೆರೆ ಎಳೆದು, ‘ಇವೆರಡು ಸಮಾಂತರ ಇರಲಿ’, ‘ಇದರ ಉದ್ದ ಬದಲಾಗದಿರಲಿ’ ಎಂದು ಹೇಳಿ ಮಾಡಿಸಿಕೊಳ್ಳಬಹುದೆಂದು ತೋರಿಸಿದವರು ಐವನ್ ಸದರ್ಲೆಂಡ್, 1963ರಲ್ಲಿ, ಎಂಐಟಿಯ ಸ್ಕೆಚ್‌ಪ್ಯಾಡ್ ಎಂಬ ಪಿಎಚ್.ಡಿ. ಕೆಲಸದಲ್ಲಿ. ಕೀಲುಗಳಿಂದ ಕೂಡಿದ ಸಲಾಕೆಗಳು ಅಲ್ಲೇ ಚಲಿಸಿದ್ದವು, ಸಮತಲದ ಮೇಲೆ. ಇಂದಿನ ತಂತ್ರಾಂಶಗಳೂ ಮೂಲದಲ್ಲಿ ಮಾಡುವುದು ಅದನ್ನೇ. ಪ್ರತಿ ಬಾಲ್ ಜಾಯಿಂಟಿಗೆ ಮೂರು ಸಮೀಕರಣ, ಎಲ್ಲವನ್ನೂ ಒಟ್ಟಿಗೆ ಬಿಡಿಸಬೇಕು. ನೇರ ಉತ್ತರ ಸಿಗದು; ಈಗ ಇರುವ ಸ್ಥಿತಿಯಿಂದ ಹೊರಟು, ತಪ್ಪನ್ನು ಅಳೆದು, ತುಸು ಸರಿಪಡಿಸಿ, ಮತ್ತೆ ಅಳೆಯುತ್ತ ಉತ್ತರದ ಹತ್ತಿರಕ್ಕೆ ಹೋಗುತ್ತದೆ. ಮೌಸನ್ನು ನಿಧಾನವಾಗಿ ಎಳೆದರೆ ಸರಾಗ. ಒಮ್ಮೆಲೇ ದೂರಕ್ಕೆ ಜಗ್ಗಿದರೆ ಪಾರ್ಟು ಛಂಗನೆ ತಲೆಕೆಳಗಾಗಿ ಇನ್ನೊಂದು ಮಗ್ಗುಲಿನಲ್ಲಿ ಕೂರುತ್ತದೆ. ತಂತ್ರಾಂಶ ಕೆಟ್ಟಿತೆಂದು ಬಯ್ಯಬೇಡಿ. ಸಮೀಕರಣಕ್ಕೆ ಎರಡು ಉತ್ತರಗಳಿದ್ದವು, ದೂರದ ಜಿಗಿತದಲ್ಲಿ ಅದಕ್ಕೆ ಎರಡನೆಯದು ಹತ್ತಿರವಾಯಿತು.

ತಿರುಗುವಿಕೆಯನ್ನು ಅಂಕಿಗಳಲ್ಲಿ ಬರೆಯುವುದೇ ಒಂದು ತಕರಾರು. ಮೂರು ಕೋನಗಳು ಸಾಕು ಎಂದು ತೋರುತ್ತದೆ. ಆದರೆ ಮೂರು ಕೋನಗಳ ಯಾವ ಪದ್ಧತಿಯಲ್ಲೂ ಒಂದು ಸ್ಥಿತಿಯಲ್ಲಿ ಎರಡು ಅಕ್ಷಗಳು ಒಂದರ ಮೇಲೊಂದು ಬಂದು ಕೂರುತ್ತವೆ, ಒಂದು ಚಲನೆ ಕಾಣೆಯಾಗುತ್ತದೆ. ಗಿಂಬಲ್ ಲಾಕ್ ಎನ್ನುವುದು ಇದನ್ನೇ. ಡಬ್ಲಿನ್ನಿನ ವಿಲಿಯಂ ರೋವನ್ ಹ್ಯಾಮಿಲ್ಟನ್ 1843ರಲ್ಲಿ ಕಂಡುಕೊಂಡ ಕ್ವಾಟರ್ನಿಯನ್ ಎಂಬ ನಾಲ್ಕು ಅಂಕಿಗಳ ಪದ್ಧತಿಗೆ ಈ ರೋಗವಿಲ್ಲ. ಚಲನೆಯ ಲೆಕ್ಕ ಹಾಕುವ ತಂತ್ರಾಂಶಗಳು ಅದನ್ನು ಧಾರಾಳವಾಗಿ ಬಳಸುತ್ತವೆ. ಕ್ಯಾಡ್ ಬಳಕೆದಾರನಿಗೆ ಇದು ಎದುರಾಗುವುದು ರೋಬಾಟಿನ ಕೆಲಸಕ್ಕೆ ಕೈ ಹಾಕಿದಾಗ. ಆ ಲೋಕದಲ್ಲಿ ಬಹಳ ಪ್ರಚಲಿತವಾದ ಯುಆರ್‌ಡಿಎಫ್ ಎಂಬ ಕಡತದಲ್ಲಿ ಬಾಲ್ ಜಾಯಿಂಟ್ ಎಂಬ ಜಾತಿಯೇ ಇಲ್ಲ. ಹಾಗಾಗಿ ಒಂದೇ ಬಿಂದುವಿನಲ್ಲಿ ಮೂರು ಬಾಗಿಲ ಕೀಲುಗಳನ್ನು ಒಂದರ ಹಿಂದೊಂದು ಪೋಣಿಸಿ ಕೆಲಸ ಸಾಗಿಸುತ್ತಾರೆ. ಆಗ ಪೋಣಿಸುವ ಕ್ರಮ ನೋಡಿಕೊಳ್ಳಬೇಕು. ಮೊದಲು ಎರಡು ಅಡ್ಡ ಅಕ್ಷಗಳು, ಕೊನೆಗೆ ಕುತ್ತಿಗೆಯ ಸುತ್ತಿನದು ಎಂದಿಟ್ಟರೆ ಲಾಕ್ ಆಗುವುದು 90 ಡಿಗ್ರಿ ವಾಲಿದಾಗ. 30 ಡಿಗ್ರಿಗೇ ತುಟಿ ತಾಗುವ ಕೀಲು ಅಲ್ಲಿಗೆ ಹೋಗುವುದೇ ಇಲ್ಲ. ಕುತ್ತಿಗೆಯ ಸುತ್ತು, ಅಡ್ಡ, ಮತ್ತೆ ಕುತ್ತಿಗೆಯ ಸುತ್ತು ಎಂದು ಪೋಣಿಸಿದರೆ ಕೀಲು ನೆಟ್ಟಗೆ ನಿಂತಲ್ಲೇ, ಕೆಲಸ ಶುರುವಾಗುವ ಮೊದಲೇ, ಲಾಕ್.

ಇಷ್ಟು ಪಾಡು ಪಟ್ಟು ಚಲಿಸುವ ಮಾದರಿ ಕಟ್ಟಿ ಸಿಗುವುದೇನು ಎಂದರೆ ಮತ್ತೆ ಆ ಟೈ ರಾಡಿಗೆ ಬರಬೇಕು. ಚಕ್ರ ಏರಿಳಿಯುವಾಗ ತೋಳಿನ ತುದಿಯ ಗುಂಡು ಒಂದು ಕಮಾನಿನಲ್ಲಿ ಚಲಿಸುತ್ತದೆ, ಟೈ ರಾಡಿನ ಹೊರಗುಂಡು ಇನ್ನೊಂದು ಕಮಾನಿನಲ್ಲಿ. ಎರಡಕ್ಕೂ ತಾಳೆಯಾಗದಿದ್ದರೆ ಸ್ಟೀರಿಂಗ್ ಮುಟ್ಟದಿದ್ದರೂ ಪ್ರತಿ ಹಳ್ಳದಲ್ಲಿ ಚಕ್ರ ತುಸು ಒಳಕ್ಕೋ ಹೊರಕ್ಕೋ ತಿರುಗುತ್ತದೆ. ಬಂಪ್ ಸ್ಟೀರ್ ಎಂಬ ಈ ದೋಷವಿರುವ ಗಾಡಿ ಒರಟು ರಸ್ತೆಯಲ್ಲಿ ತನ್ನಿಷ್ಟದಂತೆ ಅಲೆಯುತ್ತದೆ. ಬಿಡಿ ನಕ್ಷೆಗಳಲ್ಲಿ ಇದು ಕಾಣುವುದಿಲ್ಲ, ನಿಂತ ಅಸೆಂಬ್ಲಿಯಲ್ಲೂ ಕಾಣುವುದಿಲ್ಲ. ಚಕ್ರವನ್ನು ಕೆಳಮಿತಿಯಿಂದ ಮೇಲ್ಮಿತಿಯವರೆಗೆ ಏರಿಸುತ್ತ ಅದರ ಕೋನವನ್ನು ಗ್ರಾಫಿನಲ್ಲಿ ಎಳೆದರೆ ಮಾತ್ರ ಕಾಣುತ್ತದೆ. ಗ್ರಾಫ್ ಓರೆಯಾಗಿ ಬಂದರೆ ರ‍್ಯಾಕಿನ ಕಡೆಯ ಗುಂಡಿನ ಕೇಂದ್ರವನ್ನು ಕೆಲವು ಮಿ.ಮೀ. ಮೇಲೋ ಕೆಳಗೋ ಸರಿಸಿ ಮತ್ತೆ ಓಡಿಸುವುದು. ಕೇಂದ್ರಬಿಂದುಗಳನ್ನು ಮೊದಲೇ ಇಟ್ಟು ಅವುಗಳ ಮೇಲೆ ಪಾರ್ಟುಗಳನ್ನು ಕಟ್ಟಿದವರಿಗೆ ಇದು ಒಂದು ಅಂಕಿ ಬದಲಿಸುವ ಕೆಲಸ. ಗೋಳದ ಮೈಗೆ ಗೋಳದ ಮೈ ಅಂಟಿಸಿದವರಿಗೆ ಒಂದು ಸಂಜೆಯ ಕೆಲಸ.

ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಮೆಷಿನ್ ಡ್ರಾಯಿಂಗ್ ಲ್ಯಾಬುಗಳಲ್ಲಿ ಸ್ಕ್ರೂ ಜಾಕ್, ಪ್ಲಮ್ಮರ್ ಬ್ಲಾಕ್, ನಕಲ್ ಜಾಯಿಂಟುಗಳನ್ನು ಮಕ್ಕಳು ಚೆನ್ನಾಗಿ ಜೋಡಿಸುತ್ತಾರೆ. ಅಲ್ಲಿ ಬೆಲೆ ಇರುವುದು ಜೋಡಣೆಗೆ, ಸೆಕ್ಷನ್ ನೋಟಕ್ಕೆ, ಪಾರ್ಟುಗಳ ಪಟ್ಟಿಗೆ. ಎಲ್ಲವನ್ನೂ ಕದಲದಂತೆ ಕಟ್ಟಿಹಾಕುವ ಕೈ ಹೀಗೆ ತಯಾರಾಗುತ್ತದೆ. ಒಂದೇ ಒಂದು ಅಸೆಂಬ್ಲಿಯನ್ನಾದರೂ ಚಲಿಸಿ ತೋರಿಸಿ, ಎಷ್ಟು ಸ್ವಾತಂತ್ರ್ಯ ಉಳಿದಿದೆ, ಯಾಕೆ ಉಳಿದಿದೆ ಎಂದು ಕೇಳಿದರೆ ಪಾಠ ಬೇರೆಯದೇ ಆದೀತು.

ಈಗಿನ ಹುಡುಗರ ಮೇಜಿನ ಮೇಲೆ ತ್ರೀಡಿ ಪ್ರಿಂಟರ್ ಇರುವುದರಿಂದ ಕುತ್ತಿಗೆಯ ಲೆಕ್ಕ ತಪ್ಪಿದರೆ ಗೊತ್ತಾಗಲು ಗ್ಯಾರೇಜಿಗೆ ಹೋಗಬೇಕಿಲ್ಲ. ಮೇಲೆ ಹೇಳಿದ 20 ಮಿ.ಮೀ. ಗುಂಡು, ನಡುಗೆರೆಯಿಂದ 15 ಡಿಗ್ರಿ ದಾಟಿದ ತುಟಿ. ಬಟ್ಟಲಿನ ಬಾಯಿ 19.3 ಮಿ.ಮೀ., ಹಿಡಿತ ಸಾಕೆನಿಸುತ್ತದೆ. ಪರದೆಯಲ್ಲಿ ಗುಂಡಿಗೂ ಬಟ್ಟಲಿಗೂ ನಡುವೆ ಸಂದೇ ಇಲ್ಲ. ಹಾಗೇ ಮುದ್ರಿಸಿದರೆ ಎರಡೂ ಅಂಟಿಕೊಳ್ಳುತ್ತವೆ, ಅದಕ್ಕೆಂದು ಸುತ್ತಲೂ 0.3 ಮಿ.ಮೀ. ಸಂದು ಬಿಡುತ್ತೀರಿ. ಬಟ್ಟಲಿನ ತ್ರಿಜ್ಯ 10.3 ಆಯಿತು, ಅದೇ 15 ಡಿಗ್ರಿಯ ತುಟಿಯ ಬಾಯಿ ಈಗ 19.9 ಮಿ.ಮೀ. ಹಿಡಿತಕ್ಕೆ ಉಳಿದದ್ದು 0.1. ಮುದ್ರಿಸಿ ಅಲ್ಲಾಡಿಸಿದರೆ ಗುಂಡು ನೆಲದ ಮೇಲಿರುತ್ತದೆ. ತುಟಿಯನ್ನು 25 ಡಿಗ್ರಿಗೆ ಎಳೆದರೆ ಬಾಯಿ 18.7ಕ್ಕೆ ಬರುತ್ತದೆ, ಗುಂಡು ಗಟ್ಟಿಯಾಗಿ ಕೂರುತ್ತದೆ. ವಾಲುವುದು 46ರಿಂದ 36 ಡಿಗ್ರಿಗೆ ಇಳಿಯುತ್ತದೆ. ಆ ಹತ್ತು ಡಿಗ್ರಿಯೂ ಬೇಕೇ ಬೇಕೆನ್ನುವವರು ಬಟ್ಟಲನ್ನು ಎರಡು ಹೋಳಾಗಿ ಮುದ್ರಿಸಿ, ಗುಂಡನ್ನು ನಡುವೆ ಇಟ್ಟು ಸ್ಕ್ರೂ ಬಿಗಿಯಬಹುದು. ಬಿಗಿ ನಿಮ್ಮ ಕೈಯಲ್ಲೇ ಇರುವುದರಿಂದ ಸಂದನ್ನು 0.1ಕ್ಕೆ ಇಳಿಸಿದರೂ ನಡೆಯುತ್ತದೆ, ಸವೆದ ಮೇಲೆ ಇನ್ನೊಂದು ಸುತ್ತು ಬಿಗಿಯಲೂಬಹುದು. ಅಸೆಂಬ್ಲಿಯಲ್ಲಿ ಮೇಟ್ ಮಾತ್ರ ಮೊದಲಿದ್ದದ್ದೇ, ಬಿಂದುವಿಗೆ ಬಿಂದು.